ಲಿಂಗಾಲದಿಂದ ಸ್ವಾಹಿಲಿಗೆ ಅನುವಾದ ಮಾಡಿಸ್ತೀರಾ? ದುಡ್ಡು ಕೊಡೋ ಮುಂಚೆ ಇದನ್ನು ಓದಿ

ದಾವಣಗೆರೆ, ಹರಿಹರದ ಕಡೆಯಿಂದ ಹೇರ್ ಡೈ, ಕ್ರೀಮು, ಸೋಪು ಆಫ್ರಿಕಾಕ್ಕೆ ಕಳಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ದಾವಣಗೆರೆಯಲ್ಲಿ ಮೆಹಂದಿ ಪುಡಿ, ಹೇರ್ ಡೈ ಪ್ಯಾಕ್ ಮಾಡುವ ಸಣ್ಣ ಯೂನಿಟ್. ಕಾಂಗೋದ ಕಿನ್ಶಾಸಾದಲ್ಲಿ ನಮ್ಮ ಮಾಲು ತಗೊಳ್ಳುವವರು ಬಳಸುವ ವಿಧಾನವನ್ನೆಲ್ಲ ಅಲ್ಲಿನ ಲಿಂಗಾಲ ಭಾಷೆಯಲ್ಲಿ ಚೆನ್ನಾಗಿ ಬರೆಸಿಕೊಂಡಿದ್ದರು. ಆಮೇಲೆ ಅದೇ ದೇಶದ ಇನ್ನೊಂದು ಊರು ಲುಬುಂಬಾಶಿಯಿಂದಲೂ ಆರ್ಡರ್ ಬಂತು. ಅಲ್ಲಿ ನಡೆಯುವುದು ಸ್ವಾಹಿಲಿ. ಅದೇ ಚೀಟಿಯನ್ನು ಸ್ವಾಹಿಲಿಗೆ ಮಾಡಿಸಿ ಕಳಿಸಿ ಅಂದರು.

ಬೆಂಗಳೂರಿನ ಒಂದು ಏಜೆನ್ಸಿ ಒಪ್ಪಿಕೊಂಡಿತು. "ಎರಡೂ ಬಾಂಟು ಭಾಷೆ ಸಾರ್, ಸುಲಭ. ಒಬ್ಬರು ಮಾಡ್ತಾರೆ, ಇನ್ನೊಬ್ಬರು ಚೆಕ್ ಮಾಡ್ತಾರೆ" ಅಂತ ಹೇಳಿ ಪೂರ್ತಿ ದುಡ್ಡು ಮೊದಲೇ ಕಟ್ಟಿಸಿಕೊಂಡರು. ಒಂದೇ ಕುಟುಂಬದ ಭಾಷೆಗಳು ಅನ್ನೋದು ನಿಜ. ಹಾಗಂತ ತಮಿಳು ಬಂದವರಿಗೆಲ್ಲ ಕನ್ನಡ ಬರೆಯೋಕೆ ಬರುತ್ತಾ?

ಪ್ರಿಂಟಿಗೆ ಕೊಡುವ ಮುಂಚೆ ಲುಬುಂಬಾಶಿಯ ವ್ಯಾಪಾರಿ ಅಲ್ಲಿ ಸಲೂನ್ ನಡೆಸುವ ಒಬ್ಬ ಹೆಂಗಸಿಗೆ ಓದೋಕೆ ಕೊಟ್ಟರು, ಅದೇ ಪುಣ್ಯ. ಹುಬ್ಬಿಗೆ, ರೆಪ್ಪೆಗೆ ಹಚ್ಚಬೇಡಿ ಅಂತ ಇದ್ದದ್ದು ಹಚ್ಚಬಹುದು ಅಂತ ಆಗಿತ್ತು. ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಿ ಅನ್ನೋ ಸಾಲೇ ಇರಲಿಲ್ಲ. ನಮ್ಮ ಡೈನಲ್ಲಿ ಪಿಪಿಡಿ ಅನ್ನೋ ಬಣ್ಣದ ರಾಸಾಯನಿಕ ಇದೆ. ಕೆಲವರ ಮೈಗೆ ಅದು ಆಗೋದಿಲ್ಲ, ತುರಿಕೆ ಬರುತ್ತೆ, ಮುಖ ಊದಿಕೊಳ್ಳುತ್ತೆ, ಕಣ್ಣಿಗೆ ಹೋದರೆ ದೃಷ್ಟಿಗೇ ಅಪಾಯ. ಅದಕ್ಕೇ ನಮ್ಮ ದೇಶದಲ್ಲೂ ಇಂಥ ಡೈ ಮೇಲೆ ಈ ಎಚ್ಚರಿಕೆ ಕಡ್ಡಾಯ. ಯಾರೋ ಹೆಣ್ಣುಮಗಳು ಆ ಚೀಟಿ ನಂಬಿ ಹುಬ್ಬಿಗೆ ಹಚ್ಚಿಕೊಂಡಿದ್ದರೆ ಏನು ಗತಿ? ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ.

ಅನುವಾದ ಮಾಡಿದವರ ಹತ್ತಿರ ಮಾತಾಡಿಸಿ ಅಂತ ಏಜೆನ್ಸಿಯವರಿಗೆ ಅಂದರೆ ಆಗಲಿಲ್ಲ. ಜೋರು ಮಾಡಿದ ಮೇಲೆ, ಮಷೀನಿಗೆ ಹಾಕಿ ಇಂಗ್ಲಿಷ್‌ ಮೂಲಕ ತೆಗೆದಿದ್ದು ಅಂತ ಒಪ್ಪಿಕೊಂಡರು. ದುಡ್ಡು ಕೇಳಿದ ಮೇಲೆ ಫೋನೇ ಎತ್ತುತ್ತಿಲ್ಲ.

ಎರಡೂ ಭಾಷೆ ಚೆನ್ನಾಗಿ ಬಲ್ಲವರು ಕಾಂಗೋದಲ್ಲೇ ಸಿಗ್ತಾರೆ, ಯಾಕೆಂದರೆ ಅಲ್ಲಿ ಎರಡೂ ರಾಷ್ಟ್ರೀಯ ಭಾಷೆಗಳು. ಆಡಳಿತ ಭಾಷೆ ಫ್ರೆಂಚ್ ಆದ್ದರಿಂದ ಕೆಲವರು ಫ್ರೆಂಚ್ ಮೂಲಕ ಮಾಡಬಹುದು, ಅದು ತಪ್ಪಲ್ಲ, ಆದರೆ ಮೊದಲೇ ಬಾಯಿಬಿಟ್ಟು ಹೇಳಬೇಕು. ಯಾವ ಊರಿನ ಸ್ವಾಹಿಲಿ ಬೇಕು ಅಂತ ಅವರೇ ಕೇಳಬೇಕು, ಟಾಂಜಾನಿಯಾದ್ದಕ್ಕೂ ಲುಬುಂಬಾಶಿಯದ್ದಕ್ಕೂ ವ್ಯತ್ಯಾಸ ಇದೆ. ಹೊಗಳಿಕೆಯ ಜಾಹೀರಾತು ಸಾಲುಗಳು ಆಮೇಲೆ ಇರಲಿ, ಎಚ್ಚರಿಕೆಯ ಸಾಲುಗಳನ್ನಷ್ಟೇ ಮೊದಲು ಮಾಡಿಸಿ, ಅದಕ್ಕೆ ಮಾತ್ರ ದುಡ್ಡು ಕೊಡಿ. ಏಜೆನ್ಸಿಗೆ ಸಂಬಂಧವೇ ಇಲ್ಲದ, ಆ ಊರಿನವರೇ ಒಬ್ಬರು ಓದಿ ಸರಿ ಅನ್ನೋ ತನಕ ಒಂದು ಲೇಬಲ್ಲೂ ಪ್ರಿಂಟ್ ಮಾಡಿಸಬೇಡಿ.