ಹಳೆಯ ಸಿಡಿಯ ಲೇಬಲ್ ಕೀಳಬೇಡಿ

ನಮ್ಮ ಅಜ್ಜಿ ಹಾಡಿದ ಸೋಬಾನೆ ಹಾಡುಗಳ ಒಂದೇ ಒಂದು ಸಿಡಿ ಮನೆಯಲ್ಲಿತ್ತು. ಕಳೆದ ತಿಂಗಳು ಅದನ್ನು ಕೈಯಾರೆ ಹಾಳು ಮಾಡಿದೆ. ನಿಮ್ಮಲ್ಲೂ ಹಳೆಯ ಸಿಡಿಗಳಿದ್ದರೆ, ದಯವಿಟ್ಟು ಇದನ್ನು ಓದಿದ ಮೇಲೆ ಮುಟ್ಟಿ.

2006ರಲ್ಲಿ ಚಿಕ್ಕಪ್ಪ ಟೇಪ್ ರೆಕಾರ್ಡರ್ ಇಟ್ಟು ಅಜ್ಜಿಯಿಂದ 14 ಹಾಡು ಹಾಡಿಸಿದ್ದರು. ಪೇಟೆಯ ಸ್ಟುಡಿಯೋದಲ್ಲಿ ಅವನ್ನು ಸಿಡಿಗೆ ಹಾಕಿಸಿದೆವು. 80 ನಿಮಿಷದ ಸಿಡಿ, ಅಂಚಿನವರೆಗೂ ತುಂಬಿತ್ತು. ಸಿಡಿ ಆಯ್ತಲ್ಲ ಎಂದು ಕ್ಯಾಸೆಟ್ ಮೇಲೆ ಬೇರೇನೋ ರೆಕಾರ್ಡ್ ಮಾಡಿಬಿಟ್ಟೆವು. ಚೆಂದ ಕಾಣಲಿ ಎಂದು ಸ್ಟುಡಿಯೋದವರು ಸಿಡಿಗೆ ದುಂಡನೆಯ ಕಾಗದದ ಲೇಬಲ್ ಅಂಟಿಸಿದ್ದರು. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಇಷ್ಟು ವರ್ಷದ ಥಂಡಿಗೆ ಆ ಲೇಬಲ್ಲಿನ ಅಂಚು ಉಬ್ಬಿ ಎದ್ದಿತ್ತು.

ಡ್ರೈವಿಗೆ ಸಿಕ್ಕಿಕೊಳ್ಳುತ್ತದೆ ಎಂದು ಹೆದರಿ ಎಳೆದೆ. ಕಾಗದದ ಜೊತೆಗೆ ಹೊಳೆಯುವ ಪದರವೂ ಸಿಪ್ಪೆಯ ಹಾಗೆ ಕಿತ್ತು ಬಂತು. ಸಿಡಿಯನ್ನು ಎತ್ತಿ ಹಿಡಿದರೆ ಅದರೊಳಗಿಂದ ಆಚೆಯ ಕಿಟಕಿ ಕಾಣುತ್ತಿತ್ತು.

ನಾವೆಲ್ಲ ಸಿಡಿಯ ಹೊಳೆಯುವ ಕೆಳಮೈಯನ್ನು ಜೋಪಾನ ಮಾಡುತ್ತೇವೆ, ಅಲ್ವಾ? ಆದರೆ ಸಿಡಿಯ 1.2 ಮಿ.ಮೀ. ದಪ್ಪದಲ್ಲಿ ಹೆಚ್ಚುಕಡಿಮೆ ಎಲ್ಲವೂ ಪಾರದರ್ಶಕ ಪ್ಲಾಸ್ಟಿಕ್. ಹಾಡು ಇರುವುದು ಮೇಲ್ಭಾಗದಲ್ಲಿ, ನಾವು ಹೆಸರು ಬರೆಯುವ ಕಡೆ. ಅಲ್ಲಿ ಹಾಡು ದಾಖಲಾಗುವ ಬಣ್ಣದ ಪದರ, ಅದರ ಮೇಲೆ ತೆಳುವಾದ ಲೋಹ, ಅದಕ್ಕೆ ಕಾವಲು ಬರೀ ಒಂದು ಕೋಟ್ ಲ್ಯಾಕರ್, ಅಂದರೆ ವಾರ್ನಿಷಿನಂಥ ಲೇಪ. ಕೆಳಗೆ ಗೀರಾದರೆ ಪಾಲಿಶ್ ಮಾಡಿ ಉಳಿಸಿಕೊಳ್ಳಬಹುದು. ಮೇಲೆ ಕಿತ್ತರೆ ಮುಗಿಯಿತು. ಬಾಲ್ ಪೆನ್ನಿನಿಂದ ಒತ್ತಿ ಬರೆದರೂ ಅಪಾಯವೇ. ಡಿವಿಡಿಯಲ್ಲಿ ಈ ಪದರಗಳು 0.6 ಮಿ.ಮೀ.ನ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುವುದರಿಂದ ಸ್ವಲ್ಪ ವಾಸಿ. ಹಾಗಂತ ಬಿಸಿಲಿಗೆ ಇಡಬೇಡಿ. ಮನೆಯಲ್ಲಿ ಬರ್ನ್ ಮಾಡುವ ಸಾಮಾನ್ಯ ಸಿಡಿ, ಡಿವಿಡಿಗಳ ಈ ಬಣ್ಣದ ಪದರ ಬಿಸಿಲಿಗೆ ಕೆಡುತ್ತದೆ.

ಸಿಡಿಯಲ್ಲಿ ರೆಕಾರ್ಡಿಂಗ್ ಶುರುವಾಗುವುದು ನಡುವಿನಿಂದ. ನಾನು ಕಿತ್ತದ್ದು ಅಂಚಿನಿಂದ. ಹಾಗಾಗಿ ಮೊದಲ ಒಂಬತ್ತು ಹಾಡು ಸಿಕ್ಕವು. ಹಸೆಗೆ ಕರೆಯುವ ಹಾಡು ಇದೆ. ಕೊನೆಯ ಆರತಿ ಹಾಡು ಇಲ್ಲ. ಅಜ್ಜಿಯೂ ಈಗಿಲ್ಲ.

ಉಳಿದ ಸಿಡಿಗಳನ್ನು ಈಗ ಗಟ್ಟಿ ಡಬ್ಬಿಗಳಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿ ಇಟ್ಟಿದ್ದೇನೆ. ಹೊರಗೋಡೆಗೆ ತಾಗಿದ ಬೀರುವಿನಿಂದ ತೆಗೆದು, ಒಣಗಿದ, ತಂಪಾದ ಒಳಕೋಣೆಗೆ ತಂದೆ. ಹಿಡಿಯುವಾಗ ಅಂಚು ಮತ್ತು ನಡುವಿನ ತೂತು ಮಾತ್ರ. ಒರೆಸುವುದಾದರೆ ಮೆತ್ತನೆ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಹಾಡಿನ ಸಾಲಿನ ಉದ್ದಕ್ಕೂ ಬೀಳುತ್ತದೆ. ಹೆಸರು ಬರೆಯಲು ಸಿಡಿಗೆಂದೇ ಸಿಗುವ ನೀರಿನ ಶಾಯಿಯ ಮಾರ್ಕರ್ ಸಾಕು. ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದ್ದೇನೆ. ಒಂದು ತಂಗಿಯ ಮನೆಯಲ್ಲಿದೆ.

ನಿಮ್ಮ ಸಿಡಿಗೂ ಲೇಬಲ್ ಇದ್ದರೆ, ಅದು ಇನ್ನೂ ಸಪಾಟಾಗಿ ಅಂಟಿಕೊಂಡಿರುವಾಗಲೇ ಕಾಪಿ ತೆಗೆಯಿರಿ. ಉಬ್ಬಿದ್ದರೆ ಡ್ರೈವಿಗೂ ಹಾಕಬೇಡಿ, ಕೀಳಲೂ ಬೇಡಿ. ಹಾಗೇ ಡಬ್ಬಿಯಲ್ಲಿಟ್ಟು ಡೇಟಾ ರಿಕವರಿ ಮಾಡುವವರ ಹತ್ತಿರ ಕೊಂಡೊಯ್ಯಿರಿ.