ಭತ್ತದ ಕಸಕ್ಕೆ ಜೋಡಿ ಕಳೆನಾಶಕ: ನಮ್ಮ ಗದ್ದೆಯಲ್ಲಿ ಯಾವುದು ಗೆದ್ದಿತು?

ತುಂಗಭದ್ರಾ ಎಡದಂಡೆ ಕಾಲುವೆ ಭಾಗದಲ್ಲಿ ಈಗ ನಾಟಿ ಭತ್ತವೂ ಇದೆ, ಕೂರಿಗೆ ಬಿತ್ತನೆಯೂ ಇದೆ. ನಮ್ಮಲ್ಲಿ ಎರಡೂ ಇವೆ. ಹಾಗಾಗಿ ಒಂದೊಂದು ಮಡಿಗೆ ಒಂದೊಂದು ಔಷಧ ಹಾಕಿ ನೋಡಿದೆ. ಅಂಗಡಿಯಲ್ಲಿ "ಯಾವುದು ಒಳ್ಳೇದು" ಅಂತ ಕೇಳಿದರೆ ಸುಮ್ನೆ ಜಾಸ್ತಿ ರೇಟಿನದ್ದು ಕೈಗೆ ಬರುತ್ತದೆ, ಅಲ್ವಾ?

ನಾಟಿ ಗದ್ದೆಗೆ ನನ್ನ ಓಟು ಬೆನ್‌ಸಲ್ಫ್ಯೂರಾನ್ ಮೀಥೈಲ್ ಮತ್ತು ಪ್ರೆಟಿಲಾಕ್ಲೋರ್ ಸೇರಿದ ಹರಳಿಗೆ. ಎಕರೆಗೆ 4 ಕೆಜಿ. ಮರಳಿನಲ್ಲಿ ಕಲಸಿ ನಾಟಿಯಾದ 3 ದಿನದೊಳಗೆ ಎರಚಿದರೆ ಮುಗಿಯಿತು, ಪಂಪು ಹೊರುವ ಕೆಲಸವಿಲ್ಲ. ಆದರೆ ತೆಳುವಾಗಿ ನೀರು ನಿಂತಿರಬೇಕು, ಹೊರಗೆ ಹರಿಯಬಾರದು. ಮಟ್ಟವಾಗಿದ್ದ ಮಡಿಯಲ್ಲಿ ಕೆಸರು ಬೋಳಾಗಿಯೇ ಇತ್ತು. ಅದೇ ಮಡಿಯ ಮೂಲೆಯಲ್ಲಿ ಸ್ವಲ್ಪ ದಿಬ್ಬ. ಅಲ್ಲಿ ಮಾತ್ರ ಸಾವೆ ಹುಲ್ಲು ಆರಾಮಾಗಿ ಎದ್ದಿತು.

ಕೂರಿಗೆ ಬಿತ್ತನೆಯ ಕಥೆಯೇ ಬೇರೆ. ಭತ್ತದ ಜೊತೆಗೇ ಕಸವೂ ಹುಟ್ಟುತ್ತದೆ. ಸಾವೆ ಹುಲ್ಲಿನ ಸಸಿ ಥೇಟ್ ಭತ್ತದ ಹಾಗೇ ಕಾಣುತ್ತದೆ. ಎಲೆ ಕಾಂಡಕ್ಕೆ ಸೇರುವ ಜಾಗ ಬಿಡಿಸಿ ನೋಡಿ: ಭತ್ತಕ್ಕೆ ಅಲ್ಲಿ ಬಿಳಿ ಪೊರೆ ಇರುತ್ತದೆ, ಸಾವೆಗೆ ಇರುವುದಿಲ್ಲ.

ಇಲ್ಲಿ ಎರಡು ಜೋಡಿ ಎದುರುಬದುರಾದವು. ಒಂದು ಕಡೆ ಬಿಸ್‌ಪೈರಿಬ್ಯಾಕ್ ಸೋಡಿಯಂ 10 ಎಸ್‌ಸಿ (ಶೇ. 10ರ ದ್ರವ), ಎಕರೆಗೆ 100 ಮಿಲಿ. ಅದೇ ಟ್ಯಾಂಕಿಗೆ ಮೆಟ್‌ಸಲ್ಫ್ಯೂರಾನ್ ಮತ್ತು ಕ್ಲೋರಿಮ್ಯೂರಾನ್ ಸೇರಿದ ಪುಡಿ, 8 ಗ್ರಾಂ. ಇನ್ನೊಂದು ಕಡೆ ಪೆನಾಕ್ಸುಲಾಮ್ ಮತ್ತು ಸೈಹಾಲೋಫಾಪ್ ಬ್ಯೂಟೈಲ್ ಕಂಪನಿಯೇ ಬೆರೆಸಿಕೊಟ್ಟ ಡಬ್ಬಿ, ಎಕರೆಗೆ 900 ಮಿಲಿ. ಎರಡಕ್ಕೂ ಕಸ 2ರಿಂದ 4 ಎಲೆಯಲ್ಲಿರಬೇಕು. ನೀರು ಬಸಿದು ಹೊಡೆದು, ಮಾರನೇ ದಿನ ಅಥವಾ ಅದರ ಮರುದಿನ ನೀರು ಕಟ್ಟಬೇಕು.

ಗರುಗ, ಜೇಕು, ಅಗಲ ಎಲೆಯ ಕಸಕ್ಕೆ ಮೊದಲನೆಯದೇ ಜೋರು. ಖರ್ಚೂ ಕಡಿಮೆ. ಸಾವೆ ನಿಧಾನವಾಗಿ ಹಳದಿಯಾಗಿ ಸಾಯುತ್ತದೆ, ಅವಸರಪಟ್ಟು ಮತ್ತೆ ಹೊಡೆಯಬೇಡಿ. ಆದರೆ ಲೆಪ್ಟೋಕ್ಲೋವಾ ಅನ್ನುವ ಸಣ್ಣ ಎಲೆಯ ಹುಲ್ಲಿದೆಯಲ್ಲ, ಕೂದಲಿನಂಥ ಕೆಂಪು ತೆನೆ ಬಿಡುವುದು? ಅದಕ್ಕೆ ಬಿಸ್‌ಪೈರಿಬ್ಯಾಕ್ ನಾಟುವುದೇ ಇಲ್ಲ. ಉಳಿದ ಕಸ ಸತ್ತು ಜಾಗ ಖಾಲಿಯಾದ ಮೇಲೆ ಅದು ಇನ್ನೂ ಸೊಕ್ಕಿತು. ಪಕ್ಕದ ಮಡಿಯಲ್ಲಿ ಸೈಹಾಲೋಫಾಪ್ ಅದನ್ನು ಬುಡಸಮೇತ ಒಣಗಿಸಿತ್ತು. ದುಡ್ಡು ಜಾಸ್ತಿಯಾದರೂ ಕೂರಿಗೆ ಭತ್ತಕ್ಕೆ ನಾನು ಇದನ್ನೇ ತರುವುದು. ಒಂದು ಎಚ್ಚರಿಕೆ: ಇದರ ಜೊತೆ ಅಗಲ ಎಲೆಯ ಕಸಕ್ಕೆ ಹೊಡೆಯುವ 2,4-ಡಿ ಬೆರೆಸಬೇಡಿ, ಹುಲ್ಲು ಕೊಲ್ಲುವ ಶಕ್ತಿ ಇಳಿಯುತ್ತದೆ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಬಿಸ್‌ಪೈರಿಬ್ಯಾಕ್, ಮೆಟ್‌ಸಲ್ಫ್ಯೂರಾನ್, ಪೆನಾಕ್ಸುಲಾಮ್, ಬೆನ್‌ಸಲ್ಫ್ಯೂರಾನ್, ಎಲ್ಲವೂ ಕಳೆಯೊಳಗಿನ ಒಂದೇ ಕಿಣ್ವಕ್ಕೆ ಹೊಡೆಯುತ್ತವೆ. ಹೆಸರು ಬದಲಾಯಿಸಿದರೆ ಔಷಧ ಬದಲಾದ ಹಾಗಲ್ಲ. ಈ ಮೂರು ಜೋಡಿಗಳಲ್ಲಿ ಬೇರೆ ದಾರಿ ಹಿಡಿಯುವವು ಪ್ರೆಟಿಲಾಕ್ಲೋರ್ ಮತ್ತು ಸೈಹಾಲೋಫಾಪ್ ಮಾತ್ರ. ಬಿಸ್‌ಪೈರಿಬ್ಯಾಕ್ ಜೋಡಿಯನ್ನೇ ಬೆಳೆ ಮೇಲೆ ಬೆಳೆಗೆ ಹೊಡೆಯುವವರು ಉಳಿದ ಸಾವೆಯನ್ನು ತೆನೆ ಬಲಿಯುವ ಮುಂಚೆ ಆಳಿಟ್ಟಾದರೂ ಕೀಳಿಸಿ. ಕೂಲಿ ದುಬಾರಿ, ಗೊತ್ತು. ಔಷಧ ತಡೆದುಕೊಂಡ ಆ ಬೀಜ ಗದ್ದೆಗೆ ಉದುರಿದರೆ ಮುಂದಿನ ಸಲ ಅದೇ ಡಬ್ಬಿಯ ದುಡ್ಡು ನೀರಿಗೆ ಹೋದಂತೆ.