ಹೊಸ ಫ್ಲಶ್ ಕಿಟ್ ಚೆನ್ನಾಗಿದೆ, ಆದರೆ ರೋಗ ಬೇರೆ ಕಡೆ ಇತ್ತು

ನಮ್ಮ ಕಮೋಡಿನ ಫ್ಲಶ್ ಆರು ತಿಂಗಳಿಂದ ಸೋಮಾರಿಯಾಗಿತ್ತು. ಬಟನ್ ಒತ್ತಿದರೆ ನೀರೇನೋ ಬರುತ್ತಿತ್ತು, ನಿಧಾನಕ್ಕೆ ಸುತ್ತುತ್ತಿತ್ತು. ಹೋಗಬೇಕಾದ್ದು ಮಾತ್ರ ಹೋಗುತ್ತಿರಲಿಲ್ಲ. ಅಪ್ಪ ನಮ್ಮ ಜೊತೆ ಇರಲು ಬಂದ ಮೇಲೆ ಇದು ದೊಡ್ಡ ವಿಷಯವಾಯಿತು. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಒಂದು ಸಲ ಒತ್ತಿ, ಟ್ಯಾಂಕ್ ತುಂಬುವವರೆಗೆ ಕಾದು, ಮತ್ತೆ ಒತ್ತಿ, ಅದಕ್ಕೂ ಹೋಗದಿದ್ದರೆ ಬಕೆಟ್ ಎತ್ತಿ ಸುರಿದು ಹೊರಗೆ ಬರುತ್ತಿದ್ದರು. ಯಾಕಪ್ಪ ಇಷ್ಟು ಹೊತ್ತು ಅಂದರೆ, "ಏನಿಲ್ಲಮ್ಮ, ಕೈ ತೊಳೀತಿದ್ದೆ" ಅನ್ನುತ್ತಿದ್ದರು. ನಾಚಿಕೆ ಅವರಿಗೆ.

ಟ್ಯಾಂಕ್ ಹಳೇದಾಗಿದೆ, ಒಳಗಿನದ್ದೆಲ್ಲ ಬದಲಿಸಿಬಿಡೋಣ ಅಂತ ಪೂರ್ತಿ ಕಿಟ್ ತರಿಸಿದೆ. ನೀರು ತುಂಬುವ ವಾಲ್ವ್, ನೀರು ಬಿಡುವ ವಾಲ್ವ್, ಮುಚ್ಚಳಕ್ಕೆ ಹಾಕುವ ಜೋಡಿ ಬಟನ್ (ಚಿಕ್ಕದು ಅರ್ಧ ನೀರಿಗೆ, ದೊಡ್ಡದು ಪೂರ್ತಿ ನೀರಿಗೆ), ಟ್ಯಾಂಕಿಗೂ ಕಮೋಡಿಗೂ ನಡುವೆ ಕೂರುವ ದಪ್ಪ ವಾಷರ್, ಎರಡು ಬೋಲ್ಟ್. ಇಷ್ಟು ಇತ್ತು. ಜೊತೆಗೆ ಒಂದು ಕಾಗದ. ಅದರಲ್ಲಿನ ಚಿತ್ರಗಳು ಇರುವೆಗೆ ಮಾತ್ರ ಕಾಣುವಷ್ಟು ಚಿಕ್ಕವು. ನನ್ನ ಕನ್ನಡಕಕ್ಕೆ ಆಗಲಿಲ್ಲ, ಮಗನ ಕೈಲಿ ಫೋನಿನಲ್ಲಿ ಫೋಟೋ ತೆಗೆಸಿ ದೊಡ್ಡದು ಮಾಡಿ ನೋಡಿದೆ.

ಮೊದಲು ಒಳ್ಳೇದು ಹೇಳುತ್ತೇನೆ. ನೀರು ತುಂಬುವ ವಾಲ್ವ್ ಬಹಳ ಚೆನ್ನಾಗಿದೆ. ಹಳೇದು ರಾತ್ರಿ ಸೀಟಿ ಹೊಡೆಯುತ್ತಿತ್ತು, ಇದು ಸದ್ದೇ ಮಾಡುವುದಿಲ್ಲ. ಫ್ಲೋಟ್ (ನೀರಿನ ಜೊತೆ ತೇಲಿ ಏರಿ ವಾಲ್ವ್ ಮುಚ್ಚುವ ಭಾಗ) ಮೇಲೆ ಕೆಳಗೆ ಮಾಡಲು ಒಂದು ಸ್ಕ್ರೂ ಇದೆ, ಕೈಯಲ್ಲೇ ತಿರುಗುತ್ತದೆ. ನೀರು ಓವರ್‌ಫ್ಲೋ ಪೈಪಿನ (ಟ್ಯಾಂಕಿನಲ್ಲಿ ಹೆಚ್ಚಾದ ನೀರು ಕಮೋಡಿಗೆ ಇಳಿಯಲು ಒಳಗೆ ನಿಂತಿರುವ ಪೈಪು) ಬಾಯಿಗಿಂತ ಸುಮಾರು ಒಂದು ಇಂಚು ಕೆಳಗೆ ನಿಲ್ಲುವ ಹಾಗೆ ಇಟ್ಟೆ.

ಇನ್ನು ಕಷ್ಟದ ಕೆಲಸ. ನೀರು ಬಿಡುವ ವಾಲ್ವ್ ಪೂರ್ತಿ ಬದಲಿಸಬೇಕಾದರೆ ನಮ್ಮ ಥರದ ಕಮೋಡಿನಲ್ಲಿ ಟ್ಯಾಂಕನ್ನೇ ಇಳಿಸಬೇಕು. ಡಬ್ಬಿಯ ಮೇಲೆ "ಸುಲಭ ಜೋಡಣೆ" ಅಂತ ಬರೆದವರು ತುಕ್ಕು ಹಿಡಿದ ಬೋಲ್ಟ್ ನೋಡಿಲ್ಲ ಅಂತ ಕಾಣುತ್ತದೆ. ಟ್ಯಾಂಕಿಗೆ ನೀರು ಕೊಡುವ ಆಂಗಲ್ ಕಾಕ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಉಳಿದ ನೀರನ್ನು ಬಟ್ಟೆಯಲ್ಲಿ ಹೀರಿ, ಬೋಲ್ಟುಗಳ ಜೊತೆ ಒಂದು ಗಂಟೆ ಗುದ್ದಾಡಿದೆ. ಮತ್ತೆ ಕೂರಿಸುವಾಗ ಒಂದೇ ಕಡೆ ಬಿಗಿ ಮಾಡಬೇಡಿ. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ಪಿಂಗಾಣಿ ಒಡೆಯುವ ಮೊದಲು ಹೇಳುವುದಿಲ್ಲ.

ಇಲ್ಲಿ ನನ್ನದೂ ಒಂದು ತಪ್ಪಾಯಿತು. ತುಂಬುವ ವಾಲ್ವಿನ ರಬ್ಬರ್ ವಾಷರ್ ಟ್ಯಾಂಕಿನ ಒಳಗಡೆ ಬರಬೇಕು, ನಟ್ ಹೊರಗಡೆ. ನಾನು ವಾಷರನ್ನೂ ಹೊರಗೇ ಹಾಕಿ, ಸೋರುತ್ತಿದೆ ಅಂತ ಪ್ಲಾಸ್ಟಿಕ್ ನಟ್ಟನ್ನು ಸ್ಪಾನರಿನಲ್ಲಿ ಹಿಂಡುತ್ತಾ ಕೂತಿದ್ದೆ. ಮಗ ಬಂದು, "ಅಮ್ಮ, ಈ ವಾಷರ್ ಯಾಕೆ ಇಲ್ಲಿದೆ?" ಅಂದ. ಒಳಗೆ ಹಾಕಿದ ಮೇಲೆ ಕೈಯಲ್ಲಿ ಬಿಗಿ ಮಾಡಿ, ಇನ್ನೊಂದು ಕಾಲು ಸುತ್ತು ತಿರುಗಿಸಿದ್ದಷ್ಟೇ. ಸೋರುವುದು ನಿಂತಿತು.

ಬಟನ್ ಬಗ್ಗೆ ನನಗೆ ತಕರಾರಿದೆ. ಬಟನ್ ಕೆಳಗಿನ ಕಡ್ಡಿಗಳನ್ನು ನಿಮ್ಮ ಮುಚ್ಚಳದ ಎತ್ತರಕ್ಕೆ ಸರಿಯಾಗಿ ಕತ್ತರಿಸಿಕೊಳ್ಳಬೇಕು. ಉದ್ದವಾದರೆ ಬಟನ್ ಸದಾ ಒತ್ತಿದ ಹಾಗೇ ಇದ್ದು ನೀರು ಹರಿಯುತ್ತಲೇ ಇರುತ್ತದೆ. ಗಿಡ್ಡವಾದರೆ ವಾಲ್ವ್ ಪೂರ್ತಿ ಏಳುವುದಿಲ್ಲ. ಒಂದೇ ಸಲ ಜಾಸ್ತಿ ಕತ್ತರಿಸಿದರೆ ಮುಗಿಯಿತು, ಕಿಟ್ಟಿನಲ್ಲಿ ಬೇರೆ ಕಡ್ಡಿ ಇಲ್ಲ. ಬಟನ್ ಗಟ್ಟಿಯಾಗಿಯೂ ಇದೆ. ಅಪ್ಪನ ಬೆರಳಿಗೆ ಸಂಧಿವಾತ, ಎರಡೂ ಹೆಬ್ಬೆರಳು ಇಟ್ಟು ಒತ್ತುತ್ತಾರೆ.

ಅಂತೂ ಎಲ್ಲ ಮುಗಿಸಿ, ಟ್ಯಾಂಕ್ ತುಂಬಿಸಿ, ಮನೆಯವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿಕೊಂಡು ದೊಡ್ಡ ಬಟನ್ ಒತ್ತಿದೆ. ನೀರು ಬಂತು. ನಿಧಾನಕ್ಕೆ ಸುತ್ತಿತು. ಹಾಕಿದ್ದ ಕಾಗದದ ಚೂರು ಎರಡು ಸುತ್ತು ಹಾಕಿ ಅಲ್ಲೇ ತೇಲುತ್ತಾ ನಿಂತಿತು. ಯಾರೂ ಮಾತಾಡಲಿಲ್ಲ.

ಆಗ ಅಪ್ಪ ತಮ್ಮ ಬಕೆಟ್ ತಂದು ಅರ್ಧ ಬಕೆಟ್ ನೀರನ್ನು ಒಂದೇ ಏಟಿಗೆ ಕಮೋಡಿಗೆ ಸುರಿದರು. ಗುಡುಗುಡು ಅಂತ ಎಲ್ಲ ಎಳೆದುಕೊಂಡು ಹೋಯಿತು. "ನೋಡಮ್ಮ, ದಾರಿ ಸರಿಯಾಗೇ ಇದೆ" ಅಂದರು. ಕಿಟ್ ಕೊಳ್ಳುವ ಮೊದಲೇ ನಾನು ಮಾಡಬೇಕಿದ್ದ ಪರೀಕ್ಷೆ ಅದು. ಸುರಿದ ನೀರು ಸಲೀಸಾಗಿ ಹೋದರೆ ಕೆಳಗೆ ಕಟ್ಟಿಕೊಂಡಿಲ್ಲ ಅಂತ ಅರ್ಥ. ಟ್ಯಾಂಕಿನ ನೀರು ಸಾಕಷ್ಟು ಜೋರಾಗಿ ಕಮೋಡಿಗೆ ಬರುತ್ತಿಲ್ಲ, ಅಷ್ಟೇ. ನೀರು ಎಷ್ಟಿದೆ ಅನ್ನುವುದರ ಜೊತೆಗೆ ಎಷ್ಟು ಬೇಗ ಬೀಳುತ್ತದೆ ಅನ್ನುವುದೂ ಮುಖ್ಯ. ನಿಧಾನಕ್ಕೆ ಬಂದರೆ ಆ ಎಳೆತ ಹುಟ್ಟುವುದೇ ಇಲ್ಲ.

ಮುಖ ನೋಡುವ ಚಿಕ್ಕ ಕನ್ನಡಿ ತಂದು ಕಮೋಡಿನ ಅಂಚಿನ ಕೆಳಗೆ ಹಿಡಿದೆ. ಅಂಚಿನ ಸುತ್ತ ನೀರು ಬೀಳುವ ತೂತುಗಳು ಇರುತ್ತವಲ್ಲ, ಅದರಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ಗಡಸು ನೀರಿನ ಸುಣ್ಣ, ಬೆಳ್ಳಗೆ ಕೆಲವು, ಕಂದು ಬಣ್ಣಕ್ಕೆ ತಿರುಗಿದವು ಕೆಲವು. ಉಗುರಿನಲ್ಲಿ ಕೆರೆದರೆ ಕಲ್ಲಿನ ಹಾಗೆ.

ವಿನಿಗರ್ ಸ್ವಲ್ಪ ಬೆಚ್ಚಗೆ ಮಾಡಿ, ಓವರ್‌ಫ್ಲೋ ಪೈಪಿನ ಒಳಗೆ ನಿಧಾನಕ್ಕೆ ಸುರಿದೆ. ಅಲ್ಲಿ ಸುರಿದರೆ ಅದು ಅಂಚಿನ ತೂತುಗಳ ಕಡೆಗೇ ಹೋಗುತ್ತದೆ. ಕುದಿಯುವುದನ್ನು ಸುರಿಯಬೇಡಿ, ಪಿಂಗಾಣಿ ಬಿರುಕು ಬಿಡಬಹುದು. ಬ್ಲೀಚ್ ಹಾಕಿದ್ದರೆ ವಿನಿಗರ್ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ತಮಾಷೆಯಲ್ಲ. ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಕೈಗವಸು ಹಾಕಿಕೊಂಡು ಒಂದೊಂದು ತೂತಿಗೂ ತಂತಿ ಚುಚ್ಚಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಮರಳಿನ ಹಾಗೆ ಉದುರಿತು. ಎರಡು ರಾತ್ರಿ ಹೀಗೆ ಮಾಡಿದ ಮೇಲೆ ಬಟನ್ ಒತ್ತಿದರೆ ನೀರು ಸುತ್ತಲಿಂದ ಒಟ್ಟಿಗೆ ಧುಮುಕಿತು. ಒಂದೇ ಸಲಕ್ಕೆ ಖಾಲಿ.

ಹಾಗಾದರೆ ಕಿಟ್ ದಂಡವಾಯಿತೇ? ಅರ್ಧ ದಂಡ ಅನ್ನಬೇಕು. ಹಳೇ ಟ್ಯಾಂಕಿನಲ್ಲಿ ನೀರು ನಾಲ್ಕು ಬೆರಳು ಕಡಿಮೆ ನಿಲ್ಲುತ್ತಿತ್ತು, ನಿಜ. ಆದರೆ ಹಳೇ ಫ್ಲೋಟಿನಲ್ಲೂ ಅದೇ ಥರದ ಸ್ಕ್ರೂ ಇತ್ತು. ಬಿಚ್ಚಿ ಹೊರಗಿಟ್ಟ ಮೇಲೆ ಕಣ್ಣಿಗೆ ಬಿತ್ತು! ಟ್ಯಾಂಕಿನಿಂದ ಕಮೋಡಿಗೆ ಇದ್ದ ಹಳೇ ಸೋರಿಕೆ ಮಾತ್ರ ನೀರು ಬಿಡುವ ಹೊಸ ವಾಲ್ವಿನಿಂದಲೇ ನಿಂತಿದ್ದು. ಹಾಕುವ ಮೊದಲು ಟ್ಯಾಂಕಿಗೆ ಬಣ್ಣದ ಪುಡಿ ಕಲಸಿ ನೋಡಿದ್ದೆ, ಹತ್ತೇ ನಿಮಿಷಕ್ಕೆ ಕಮೋಡಿನಲ್ಲಿ ಕೆಂಪು ನೀರು. ಹೊಸದು ಹಾಕಿ ಅರ್ಧ ಗಂಟೆ ಕಾದರೂ ಒಂದು ಎಳೆ ಬಣ್ಣ ಇಳಿಯಲಿಲ್ಲ.

ಇನ್ನೊಂದು ದೋಷ ಎರಡನೇ ವಾರ ಗೊತ್ತಾಯಿತು. ತುಂಬುವ ವಾಲ್ವಿನಿಂದ ಓವರ್‌ಫ್ಲೋ ಪೈಪಿಗೆ ಹೋಗುವ ಸಣ್ಣ ಕೊಳವೆಯ ಕ್ಲಿಪ್ ಸಡಿಲ. ಅದು ಜಾರಿ ಟ್ಯಾಂಕಿನೊಳಗೆ ಬಿದ್ದಿತ್ತು. ಫ್ಲಶ್ ಆದ ಮೇಲೆ ಕಮೋಡಿನಲ್ಲಿ ನೀರು ಮತ್ತೆ ಏರುವುದು ಆ ಕೊಳವೆಯಿಂದಲೇ. ಅಲ್ಲಿ ನೀರು ಕಡಿಮೆಯಾಗಿ ಬಚ್ಚಲೆಲ್ಲ ವಾಸನೆ. ಈಗ ದಾರದಲ್ಲಿ ಕಟ್ಟಿದ್ದೇನೆ.

ವಾಲ್ವುಗಳಿಗೆ ಐದಕ್ಕೆ ನಾಲ್ಕೂವರೆ, ಬಟನ್‌ಗೆ ಎರಡು, ಆ ಕ್ಲಿಪ್ಪಿಗೆ ಸೊನ್ನೆ. ಕಾಗದಕ್ಕೂ ಸೊನ್ನೆಯೇ. ಅಪ್ಪ ಈಗ ಐದು ನಿಮಿಷದಲ್ಲಿ ಹೊರಗೆ ಬರುತ್ತಾರೆ. ಬಕೆಟ್ ಮಾತ್ರ ತುಂಬಿಸಿ ಅಲ್ಲೇ ಇಟ್ಟಿರುತ್ತಾರೆ.